ನಿವೃತ್ತ ಡೀಸೆಲ್ ಎಂಜಿನ್ನೂ ಶಾಲೆಯ ಮಾದರಿ ರೈಲೂ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಪಟ್ಟಣಗಳು ಉಗಿಬಂಡಿಯ ಯುಗವನ್ನು ರೈಲು ಕಾಣದೆಯೇ ಕಳೆದವು. ಡೀಸೆಲ್ ಯುಗವೂ ಹಾಗೆಯೇ ಸರಿದುಹೋಗುತ್ತಿದೆ. ಕಿತ್ತೂರಿನ ಮೇಲೆ ಹಾಯುವ ಧಾರವಾಡ–ಬೆಳಗಾವಿ ಹೊಸ ಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ದೊರೆಯಿತು. ಅತ್ತ ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ ಮಾರ್ಗದ ವಿದ್ಯುದೀಕರಣವು 2023ರಲ್ಲಿ ಲೋಕಾರ್ಪಣೆಗೊಂಡಿತು. ಈ ನಾಡಿಗೆ ಹಳಿ ಬರುವ ದಿನ ಅದರ ಮೇಲೆ ಡೀಸೆಲ್ ಎಂಜಿನ್ ಬರುವುದು ಸಂದೇಹ.

ಆದುದರಿಂದ ಈ ಭಾಗದ ಶಾಲೆಗಳ ಕಾರ್ಯಾಗಾರದಲ್ಲಿ ಮಾದರಿ ರೈಲುಮಾರ್ಗವೊಂದು ಇರಬೇಕು. ಅದರ ಮೇಲೆ ನಿವೃತ್ತ ಡೀಸೆಲ್ ಎಂಜಿನ್ನಿನ ಮಾದರಿಯೊಂದು ಚಲಿಸಬೇಕು. ದಾನಿಗಳ ಹಣ ಆಟಿಕೆಗೇಕೆ ಎಂಬ ಆಕ್ಷೇಪ ಸಹಜವೇ. ಆದರೆ ಅದು ಬರಿಯ ಆಟಿಕೆಯಲ್ಲ.

1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂದು, ಅನಂತರ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯುಡಿಎಂ-2 ಎಂಜಿನ್ನನ್ನೇ ನೋಡಬಹುದು. ಹದಿನಾರು ಸಿಲಿಂಡರು, 2600 ಅಶ್ವಶಕ್ತಿ. ಆದರೂ ಡೀಸೆಲ್ ಯಂತ್ರ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಆರು ಅಚ್ಚುಗಳ ಆರು ಮೋಟಾರುಗಳನ್ನು ನಡೆಸುತ್ತದೆ. ಸುಮಾರು 17 ಮೀಟರು ಉದ್ದದ ಈ ಎಂಜಿನ್ನು 87ನೆಯ ಒಂದು ಪಾಲಿಗೆ ಇಳಿದರೆ ಸುಮಾರು 20 ಸೆಂಟಿಮೀಟರು. ಪೇಟೆಯಲ್ಲಿ ಸಿಗುವ ಆ ಅಳತೆಯ ಹಳಿಯ ಅಗಲ 16.5 ಮಿಲಿಮೀಟರು, ಅದು 1435 ಮಿಲಿಮೀಟರಿನ ವಿದೇಶೀ ಹಳಿಗೆ ತಕ್ಕದ್ದು. ನಮ್ಮ ಹಳಿ 1676 ಮಿಲಿಮೀಟರು. ಅದಕ್ಕೆ 19 ಮಿಲಿಮೀಟರಿಗೂ ಮಿಕ್ಕ ಅಗಲ ಬೇಕು. ಗಣಿತದ ತರಗತಿಗೆ ಇದೇ ಒಂದು ಲೆಕ್ಕ.

ನಿಜವಾದ ಪಾಠ ಮುಂದಿದೆ. ನಿವೃತ್ತ ಎಂಜಿನ್ನಿನ ಬ್ರೇಕು ಸಡಿಲಿಸಿ ಇನ್ನೊಂದು ಎಂಜಿನ್ನಿಗೆ ಕೊಂಡಿ ಹಾಕಿದರೆ, ಅದರ ಮೋಟಾರುಗಳು ವಿದ್ಯುತ್ತಿಲ್ಲದೆಯೇ ಗಾಲಿಗಳೊಡನೆ ತಿರುಗುತ್ತ ಸಾಗುತ್ತವೆ. ಮಾದರಿಯಲ್ಲಿ ಹಾಗಾಗದು: ಗಾಲಿಗಳು ತಿರುಗದೆ ಹಳಿಯ ಮೇಲೆ ಜಾರುತ್ತವೆ. ಕಾರಣ, ಮಾದರಿಯೊಳಗಿನ ವರ್ಮ್ ಎಂಬ ತಿರುಪಿನಾಕಾರದ ಸರಳು ಹಲ್ಲುಗಾಲಿಯನ್ನು ತಿರುಗಿಸಬಲ್ಲದು. ಹಲ್ಲುಗಾಲಿ ಅದನ್ನು ಮರಳಿ ತಿರುಗಿಸಲಾರದು. ಮೇಲುಗವಚ ಬಿಚ್ಚಿ ಆ ಸರಳನ್ನು ಬಿಡಿಸಿದಾಗ ಗಾಲಿಗಳು ಬಿಡುಗಡೆ ಹೊಂದುತ್ತವೆ. ಎಂಜಿನ್ನು ಹಗುರಾಗಿ ಹಿಂಬಾಲಿಸುತ್ತದೆ. ಈ ಕಾರಣವನ್ನು ತಾನೇ ಕಂಡುಕೊಂಡ ಬಾಲಕ ಘರ್ಷಣೆ, ಹಲ್ಲುಗಾಲಿ, ವಿದ್ಯುತ್ತುಗಳನ್ನು ಎಂದಿಗೂ ಮರೆಯನು.

ಇದಕ್ಕೆ ಬಹಳ ವೆಚ್ಚವೂ ಬೇಡ. ಶಕ್ತಿಯುಳ್ಳ ಒಂದು ಎಂಜಿನ್ನು, ಕೆಟ್ಟುನಿಂತ ಇನ್ನೊಂದು, ಕೆಲವು ಅಡಿ ಹಳಿ, 12 ವೋಲ್ಟಿನ ವಿದ್ಯುತ್ ಪೆಟ್ಟಿಗೆ ಸಾಕು. ನಿಲ್ದಾಣ, ಸೇತುವೆ, ಡಬ್ಬಿಗಳನ್ನು ವಿದ್ಯಾರ್ಥಿಗಳು ರಟ್ಟು, ತಗಡುಗಳಿಂದ ತಾವೇ ಮಾಡಬೇಕು. ಕೊಂಡು ತಂದ ಸಿದ್ಧ ವಸ್ತು ಗಾಜಿನ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಕೈಯಾರೆ ಮಾಡಿದ್ದು ಕೈಯಲ್ಲಿ ಉಳಿಯುತ್ತದೆ.

ಕಾಯಕವನ್ನು ಬೋಧಿಸಿದ ಶರಣರ ಪರಂಪರೆಯ ವಿದ್ಯಾಸಂಸ್ಥೆಗಳಿಗೆ ಕೈಯ ಕೆಲಸ ಕೀಳಲ್ಲ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಶಾಲೆಗೆ ಬಂದರೆ ಅದು ಜ್ಞಾನದಾಸೋಹವೇ ಸರಿ. ದಾನಿಗಳು ಗೋಡೆಗೆ ಕಲ್ಲು ಕೂಡ್ರಿಸುವ ಮುನ್ನ ಒಂದು ಮೇಜಿನ ವಿಚಾರ ಮಾಡಲಿ. ಸವದತ್ತಿಗೆ, ರಾಮದುರ್ಗಕ್ಕೆ ಹಳಿ ಬರುವುದು ದಿಲ್ಲಿಯ ಕೈಯಲ್ಲಿದೆ. ಮೇಜಿನ ಮೇಲೆ ಹಳಿ ಹಾಸುವುದು ಊರಿನ ಕೈಯಲ್ಲಿಯೇ ಇದೆ.