ಫೈನಲ್ ಆದ ಮೇಲೂ ಮುಗಿಯದ ಫೈನಲ್

ದೆಹಲಿ ವಲಯದ ನೊಯ್ಡಾ, ಓಖ್ಲಾ, ಫರೀದಾಬಾದ್‌ಗಳಲ್ಲಿ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ತಂತ್ರಾಂಶ, ಇಲ್ಲದ ಡಿಸೈನ್ ಕಚೇರಿ ಸಿಗುವುದು ಕಷ್ಟ. ಅಚ್ಚುಕಟ್ಟಾದ ಫೋಲ್ಡರ್ ಇರುವ ಕಚೇರಿ ಸಿಗುವುದು ಇನ್ನೂ ಕಷ್ಟ. ‘ಫೈನಲ್’, ‘ಫೈನಲ್-2’, ‘ಸಾಹೇಬರು ಒಪ್ಪಿದ ಫೈನಲ್’ ಎಲ್ಲವೂ ಒಂದೇ ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡಿರುತ್ತವೆ. ನಮ್ಮ ಬೆಂಗಳೂರಿನ ಪೀಣ್ಯದವರು ನಗಬೇಕಿಲ್ಲ, ಇಲ್ಲಿಯೂ ಇದೇ ಕಥೆ. ಆದರೆ ತಪ್ಪು ಫೈನಲ್ ಪ್ಲಾಟರ್‌ನಿಂದ ಹೊರಬಂದು ಸೈಟಿಗೆ ಹೋದರೆ, ಒಡೆಯಬೇಕಾಗುವುದು ಕಟ್ಟಿ ನಿಲ್ಲಿಸಿದ ಗೋಡೆಯನ್ನು.

ಕ್ಯಾಡ್ ಫೈಲು ಪತ್ರ ಟೈಪು ಮಾಡಿದ ಫೈಲಿನಂತೆ ಒಂಟಿಯಲ್ಲ. ಒಂದು ಮಹಡಿಯ ನಕ್ಷೆಯೊಳಗೆ ಕಂಬಗಳ ಗ್ರಿಡ್, ನೀರಿನ ಕೊಳವೆ, ವೈರಿಂಗ್ ಬೇರೆ ಬೇರೆ ಫೈಲುಗಳಿಂದ ಬಂದು ಕೂರುತ್ತವೆ. ಆಟೋಕ್ಯಾಡ್ ಬಳಸುವವರು ಇವನ್ನು ಎಕ್ಸ್‌ರೆಫ್ ಎನ್ನುತ್ತಾರೆ. ಮುಖ್ಯ ಫೈಲಿನೊಳಗೆ ಇರುವುದು ಅವುಗಳ ವಿಳಾಸ ಮಾತ್ರ. ಆ ವಿಳಾಸ ಡಿ ಡ್ರೈವ್‌ನಿಂದಲೇ ಶುರುವಾಗಿದ್ದು, ಕಂಬಗಳ ಫೈಲು ಇನ್ನೊಂದು ಫೋಲ್ಡರ್‌ನಲ್ಲಿದ್ದರೆ, ಪೆನ್‌ಡ್ರೈವ್ ಗುರುಗ್ರಾಮ ತಲುಪುವಷ್ಟರಲ್ಲಿ ಕಂಬಗಳು ಮಾಯ! ಮುಖ್ಯ ಫೈಲು ಇರುವ ಜಾಗದಿಂದ ದಾರಿ ಹೇಳುವ ವಿಳಾಸವಿದ್ದರೆ, ಇಡೀ ಫೋಲ್ಡರ್ ಎಲ್ಲಿಗೆ ಹೋದರೂ ನಂಟು ಕಳಚುವುದಿಲ್ಲ. ಆಟೋಕ್ಯಾಡ್ 2018ರ ಆವೃತ್ತಿಯಿಂದ ತಾನಾಗಿಯೇ ಈ ಎರಡನೆಯ ಬಗೆಯನ್ನು ಆರಿಸುತ್ತದೆ. ಆದರೂ ಹಳೆಯ ಫೈಲನ್ನೇ ನಕಲು ಮಾಡಿ ಹೊಸ ಕೆಲಸ ಹಿಡಿಯುವವರಿಗೆ ಹಳೆಯ ವಿಳಾಸಗಳೂ ಬಳುವಳಿಯಾಗಿ ಬರುತ್ತವೆ. ಸಾಲಿಡ್‌ವರ್ಕ್ಸ್ ಬಳಸುವ ಡೈ ತಯಾರಕರ ಪಾಡೂ ಬೇರೆಯಲ್ಲ. ಬಿಡಿಭಾಗದ ಫೈಲಿನ ಹೆಸರನ್ನು ವಿಂಡೋಸ್‌ನಲ್ಲಿ ಸುಮ್ಮನೆ ತಿದ್ದಿದರೂ ಅಸೆಂಬ್ಲಿ ಅದನ್ನು ಕಾಣದೆ ಹುಡುಕಾಡುತ್ತದೆ.

ಫೈಲುಗಳನ್ನು ಅಚ್ಚುಕಟ್ಟಾಗಿಡಲು ದುಬಾರಿ ತಂತ್ರಾಂಶ ಬೇಕೆಂಬುದು ನೆಪ; ಬೇಕಿರುವುದು ಶಿಸ್ತು.

ದೆಹಲಿ–ಮೀರತ್ ನಡುವಿನ 82 ಕಿ.ಮೀ. ನಮೋ ಭಾರತ್ ರೈಲು ಮಾರ್ಗ ಕಟ್ಟಿದ ಎನ್‌ಸಿಆರ್‌ಟಿಸಿ ಸಂಸ್ಥೆಯು ವಿನ್ಯಾಸಗಾರರು, ಗುತ್ತಿಗೆದಾರರು ಎಲ್ಲರ ನಕ್ಷೆಗಳಿಗೂ ಒಂದೇ ಡಿಜಿಟಲ್ ಕಣಜವನ್ನು ಬಳಸಿತು. ಇಂಥ ವ್ಯವಸ್ಥೆಗೆ ಅಂತರರಾಷ್ಟ್ರೀಯ ಮಾನದಂಡವೂ ಇದೆ: 2018ರಲ್ಲಿ ಬಂದ ಐಎಸ್‌ಒ 19650. ಅದರ ತಿರುಳು ಸರಳ. ಕೆಲಸ ನಡೆಯುತ್ತಿರುವ ಫೈಲು, ಇತರ ತಂಡಗಳಿಗೆ ಕೊಟ್ಟ ಫೈಲು, ಒಪ್ಪಿಗೆ ಪಡೆದು ಹೊರಬಿದ್ದ ಫೈಲು, ದಾಖಲೆಗೆ ಸೇರಿದ ಫೈಲು ಎಂಬ ನಾಲ್ಕು ಸ್ಥಿತಿಗಳು ಬೆರೆಯಬಾರದು, ಅಷ್ಟೆ. ನಾಲ್ಕೇ ಜನರಿರುವ ಕಚೇರಿಯೂ ನಾಲ್ಕು ಫೋಲ್ಡರ್ ಮಾಡಿಕೊಂಡು ಇದನ್ನು ಪಾಲಿಸಬಹುದು. ಹೆಸರಿಡುವ ನಿಯಮ ಕಾಯಲು ಒಬ್ಬರನ್ನು ನೇಮಿಸಬೇಕು, ಮಾಲೀಕರೂ ಅವರ ಮಾತು ಕೇಳಬೇಕು. ಎರಡನೆಯದೇ ಕಷ್ಟ.

ಹಳಬರಿಗೆ ಈ ಶಿಸ್ತು ಹೊಸದಲ್ಲ. ದೆಹಲಿಯ ಪ್ರಗತಿ ಮೈದಾನದಲ್ಲಿ ವಾಸ್ತುಶಿಲ್ಪಿ ರಾಜ್ ರೇವಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ನಿಲ್ಲಿಸಿದ ಹಾಲ್ ಆಫ್ ನೇಷನ್ಸ್ ಪ್ರದರ್ಶನ ಭವನವನ್ನು 2017ರ ಏಪ್ರಿಲ್‌ನಲ್ಲಿ ಕೆಡವಲಾಯಿತು. ಕಟ್ಟಡ ಹೋದರೂ ಅದರ ನಕ್ಷೆಗಳು ಉಳಿದಿವೆ. ಆ ಕಾಲದ ನಕ್ಷೆ ಹಾಳೆಯ ಬಲಮೂಲೆಯಲ್ಲಿ ಸಂಖ್ಯೆ, ದಿನಾಂಕ, ತಿದ್ದುಪಡಿಯ ಕ್ರಮ, ಸಹಿ ಇರುತ್ತಿದ್ದವು. ಅದೇ ಚೌಕ ಇಂದು ಪರದೆಯ ಮೇಲೂ ಇದೆ. ಆದರೆ ಅದರೊಳಗಿನ ತಿದ್ದುಪಡಿ ಸಂಖ್ಯೆಗೂ ಫೈಲಿನ ಹೆಸರಿಗೂ ಎಷ್ಟೋ ಕಡೆ ತಾಳಮೇಳವಿಲ್ಲ. ಈಗಿನ ಕಟ್ಟಡವೊಂದನ್ನು ನಲವತ್ತೈದು ವರ್ಷಗಳ ನಂತರ ದುರಸ್ತಿ ಮಾಡಹೊರಟವರು ‘ಫೈನಲ್-2’ ಹಿಡಿದು ಏನು ಮಾಡಬೇಕು?

ಬದಲಾವಣೆ ಹಣ ಕೊಡುವವರ ಕಡೆಯಿಂದಲೇ ಬರಬೇಕು. ದೊಡ್ಡ ಯೋಜನೆಗಳಲ್ಲಿ ಕಾಣುವ ಈ ಬಿಗಿಯು ಶಾಲೆ, ಆಸ್ಪತ್ರೆ, ಚರಂಡಿ ಕಾಮಗಾರಿಗಳಿಗೂ ಇಳಿಯಲಿ. ಐಟಿಐನ ಎರಡು ವರ್ಷದ ಡ್ರಾಫ್ಟ್ಸ್‌ಮನ್ ತರಬೇತಿಯಲ್ಲಿ ಗೆರೆಗೆ ಕೊಡುವಂತೆ ಫೋಲ್ಡರ್‌ಗೂ ಅಂಕ ಕೊಡಲಿ. ಟೆಂಡರ್‌ಗಳಲ್ಲಿ ಪಿಡಿಎಫ್ ಸಾಲದು, ಎಕ್ಸ್‌ರೆಫ್, ಫಾಂಟ್ ಸಮೇತ ಮೂಲ ಫೈಲುಗಳ ಇಡೀ ಕಟ್ಟು ಬೇಕೆಂಬ ಷರತ್ತಿರಲಿ. ಇಲಾಖೆಯ ಎಂಜಿನಿಯರ್ ಅದನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು, ಕಂಬಗಳೆಲ್ಲ ಕಂಡ ಮೇಲಷ್ಟೇ ಕೊನೆಯ ಕಂತಿನ ಬಿಲ್ಲಿಗೆ ಸಹಿ ಹಾಕಲಿ.