ಕೊಂಡು ತಂದ ಅಭಿರುಚಿ

ಮನೆಯನ್ನು ಕಟ್ಟುವವನು ಮೇಸ್ತ್ರಿ. ಅದನ್ನು ಸಿಂಗರಿಸುವವನು ಈಗ ಅಂಗಡಿಯವನು. ಅದರಲ್ಲಿ ಬಾಳುವವನ ಪಾಲಿಗೆ ಉಳಿದಿರುವುದು ಕಂತು ಕಟ್ಟುವ ಕೆಲಸವೊಂದೇ. ಬೆಂಗಳೂರಿನ ನಮ್ಮ ವಿದ್ಯಾವಂತ ಗೃಹಸ್ಥರು ಇದನ್ನೇ ‘ಟೇಸ್ಟು’ ಎಂದು ಕರೆದು ಹಿಗ್ಗುತ್ತಿದ್ದಾರೆ. ಈ ವಿಷಯದಲ್ಲಿ ನಾಲ್ಕು ಒರಟು ಮಾತು ಆಡದೆ ನಿರ್ವಾಹವಿಲ್ಲ.

ಯಾವುದಾದರೂ ಹೊಸ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳ ಕರೆಗಂಟೆ ಒತ್ತಿ ನೋಡಿ. ಅದೇ ಬೂದುಬಣ್ಣದ ಸೋಫಾ, ಗೋಡೆಯ ಮೇಲೆ ಅದೇ ಎಲೆಗಳ ಚಿತ್ರ, ಮೂಲೆಯಲ್ಲಿ ಕಣ್ಮುಚ್ಚಿದ ಅದೇ ಬುದ್ಧನ ತಲೆ. ತಲೆ ಮಾತ್ರ, ಮುಂಡ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಪರಿಚಿತರೊಬ್ಬರ ಮನೆಯಲ್ಲಿ ಗಾಜಿನ ಬೀರುವಿನ ತುಂಬ ಚರ್ಮದ ಬೆನ್ನಿನ ಪುಸ್ತಕಗಳನ್ನು ಕಂಡು ಆಸೆಯಿಂದ ಕೈಚಾಚಿದೆ. “ಅದು ತೆಗೆಯೋದಕ್ಕಲ್ಲ ಸಾರ್, ಶೋಗೆ” ಎಂದರು. ಒಳಗೆಲ್ಲ ಟೊಳ್ಳು ರಟ್ಟು! ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಏನು ತಾನೆ ಹೇಳಲಿ?

ಹಾಗೆಂದು ವಿದೇಶೀ ಅಂಗಡಿಯ ಮೇಲೆ ನನಗೆ ಸಿಟ್ಟಿಲ್ಲ. ಸ್ವೀಡನ್ನಿನ ಐಕಿಯಾ 1943ರಲ್ಲಿ ಹುಟ್ಟಿದ ಸಂಸ್ಥೆ. ಮೇಜಿನ ಕಾಲು ಬಿಚ್ಚಿ, ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು ಮಾರುವ ಉಪಾಯವನ್ನು 1956ರಿಂದ ರೂಢಿಸಿಕೊಂಡು ಸಾಗಣೆಯ ಖರ್ಚನ್ನು ಇಳಿಸಿತು. 2018ರಲ್ಲಿ ಹೈದರಾಬಾದಿಗೆ ಬಂತು. 2022ರ ಜೂನಿನಲ್ಲಿ ನಮ್ಮ ನಾಗಸಂದ್ರಕ್ಕೆ. ಮೇಲಿಂದ ಮೇಲೆ ಮನೆ ಬದಲಿಸುವ ಬಾಡಿಗೆದಾರನಿಗೆ ಇಂಥ ಸಾಮಾನಿನಿಂದ ಉಪಕಾರವೇ ಆಗಿದೆ. ಅವರು ತಮ್ಮ ವ್ಯಾಪಾರ ಬಲ್ಲರು. ನನ್ನ ಜಗಳವೆಲ್ಲ ನಮ್ಮವರೊಡನೆ.

ನೆಲದ ಹಾಸನ್ನೇ ತೆಗೆದುಕೊಳ್ಳಿ. ಧಾರವಾಡ ಜಿಲ್ಲೆಯ ನವಲಗುಂದಕ್ಕೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ಹತ್ತಿಯ ನೂಲಿನ ಜಮಖಾನ ನೇಯುವವರು ಹೆಂಗಸರು. ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗ. ಅದರ ಮುಂದೆ ಕುಳಿತು ಬಣ್ಣದ ಎಳೆಗಳನ್ನು ಕೈಯಿಂದ ಸೇರಿಸುತ್ತ, ಬಡಿದು ಬಿಗಿಮಾಡುತ್ತ ಹೋಗುತ್ತಾರೆ. ನವಿಲು ಕೂಡುತ್ತದೆ, ಪಗಡೆಯ ಹಾಸು ಕೂಡುತ್ತದೆ. ತಾಯಿಯಿಂದ ಮಗಳಿಗೆ ಬಂದ ಈ ವಿದ್ಯೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಪತ್ರಿಕೆಗಳಲ್ಲಿ ಸುದ್ದಿ ಓದಿ ನಾವು ಹೆಮ್ಮೆಪಟ್ಟೆವು. ಹೆಮ್ಮೆಪಟ್ಟವರಲ್ಲಿ ಎಷ್ಟು ಮಂದಿ ಒಂದು ಜಮಖಾನ ಕೊಂಡರು? ನೇಯುವ ಕೈಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ದಿನವೆಲ್ಲ ಬಡಿದರೂ ಹೊಟ್ಟೆ ತುಂಬದ ಕಸುಬಿಗೆ ಮಗಳನ್ನು ಕೂರಿಸು ಎಂದು ಆ ತಾಯಿಗೆ ಉಪದೇಶಿಸಲು ನಾವು ಯಾರು?

“ಕೈಮಗ್ಗದ್ದು ದುಬಾರಿ ಕಣ್ರಿ” ಎಂಬ ಸಿದ್ಧ ಉತ್ತರವುಂಟು. ತಂಪು ಹವೆಯ ಮಳಿಗೆಯಲ್ಲಿ ಚೀಟಿಯ ಮೇಲೆ ಅಚ್ಚಾದ ಬೆಲೆಗೆ ತುಟಿ ಪಿಟಕ್ಕೆನ್ನದೆ ಕಾರ್ಡು ಕೊಡುವ ಮಹನೀಯರೇ ಕರಕುಶಲ ಮೇಳದಲ್ಲಿ ನೇಯ್ದವಳ ಮುಂದೆ ನಿಂತು ಇನ್ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಮಹಾತ್ಮ ಗಾಂಧಿ ರಸ್ತೆಯ ಸರ್ಕಾರಿ ‘ಕಾವೇರಿ’ ಮಳಿಗೆಗೂ ಹೋಗುತ್ತಾರೆ, ಇಲ್ಲವೆಂದಲ್ಲ. ನಿವೃತ್ತರಾಗುವ ಸಾಹೇಬರಿಗೆ ಗಂಧದ ಆನೆ ತರುವುದಕ್ಕೆ! ನಾಡಿನ ಕಸುಬು ಬೀಳ್ಕೊಡುಗೆಗೆ ಮಾತ್ರ ಯೋಗ್ಯವೆಂದು ಇವರ ತೀರ್ಮಾನ.

ಹಳೆಯ ಬಣ್ಣ, ಹಳೆಯ ಅಳತೆ ಇಂದಿನ ಮನೆಗೆ ಹೊಂದುವುದಿಲ್ಲ ಎಂಬ ಆಕ್ಷೇಪಣೆಯಲ್ಲಿ ಸ್ವಲ್ಪ ಹುರುಳಿದೆ. ಆದರೆ ಮಗ್ಗದವಳಿಗೆ ಅಳತೆ ಹೇಳಬೇಕಾದವರು ಯಾರು? ನಮ್ಮ ಹಿರಿಯರು ಬಡಗಿಯನ್ನು ಕರೆಸಿ, ಅಜ್ಜಿಗೆ ಮಂಡಿನೋವು, ಮಂಚದ ಕಾಲು ನಾಲ್ಕು ಬೆರಳು ತಗ್ಗಲಿ ಎಂದು ಹೇಳುತ್ತಿದ್ದರು. ನಾನು ಅಭಿರುಚಿಯೆಂದು ಕರೆಯುವುದು ಇದನ್ನು. ತನಗೆ ಬೇಕಾದುದು ಏನೆಂದು ತಿಳಿದಿರಬೇಕು. ಮಾಡುವವನಿಗೆ ಅದನ್ನು ಹೇಳಲು ಬಾಯಿಯಿರಬೇಕು. ಮಳಿಗೆಯಲ್ಲಿ ಬೆರಳು ತೋರಿಸಿದರೆ ಸಾಕು. ಬಾಯಿಗೆ ಕೆಲಸವೇ ಇಲ್ಲ.

ಇನ್ನು, ಇದಕ್ಕಿಂತಲೂ ಕೇಡಿನದೊಂದು ಇದೆ. ಯಂತ್ರದಲ್ಲಿ ಅಚ್ಚುಹಾಕಿದ ನೈಲಾನು ಹಾಸಿನ ಮೇಲೆ ಜಮಖಾನದಂಥದೇ ನವಿಲು ಕುಳಿತಿರುತ್ತದೆ. ಪಕ್ಕದಲ್ಲಿ ‘ಎಥ್ನಿಕ್’ ಎಂಬ ಚೀಟಿ. 1999ರ ಕಾಯಿದೆ ಕಾಯುವುದು ನವಲಗುಂದದ ಹೆಸರನ್ನು. ಹೆಸರು ಬಳಸದೆ ನವಿಲನ್ನಷ್ಟೇ ಎತ್ತಿಕೊಂಡವನಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಕೊಂಡವರೋ, ಪರಂಪರೆಯನ್ನು ಉಳಿಸಿದೆವೆಂದು ಮನೆಗೆ ಬಂದ ನೆಂಟರ ಮುಂದೆ ಬೀಗುತ್ತಾರೆ. ಅಂಥವರ ಮನೆಗೆ ನೀವು ಹೋದರೆ ಹಾಸಿನ ಮೂಲೆಯೊಂದನ್ನು ಮಗುಚಿ ನೋಡಿ. ನೇಯ್ದುದಾದರೆ ನವಿಲು ಹಿಂದೆಯೂ ಕಾಣುತ್ತದೆ. ಅಚ್ಚಿನದಾದರೆ ಹಿಂದೆ ಬರಿಯ ಬಿಳುಪು, ಇಲ್ಲವೆ ರಬ್ಬರಿನ ಅಂಟು. ಮನೆಯವರು ಮುನಿಸಿಕೊಂಡರೆ ನನ್ನ ಹೆಸರು ಹೇಳಿ.