ಮೂಟೆ ಕಟ್ಟಿದ ವಿಧೇಯಕ, ಬಾಯಿ ಕಟ್ಟಿದ ಸದನ

ಸಂಸತ್ತಿನ ಅಧಿವೇಶನವೊಂದು ಮುಗಿದಾಗಲೆಲ್ಲ, ಸದಸ್ಯರು ಕೂಗಾಡಿದರು, ಸಭಾತ್ಯಾಗ ಮಾಡಿದರು, ಕಲಾಪದ ಕಾಲವೆಲ್ಲ ವ್ಯರ್ಥವಾಯಿತು ಎಂಬ ಆಕ್ಷೇಪವು ನಮ್ಮ ಪತ್ರಿಕೆಗಳಲ್ಲಿ ತಪ್ಪದೆ ಪ್ರಕಟವಾಗುತ್ತದೆ. ಆಕ್ಷೇಪವು ಅಸತ್ಯವಲ್ಲ. ಆದರೆ ಸದಸ್ಯರೆಲ್ಲರೂ ವಿಷಯವನ್ನು ಸಾಂಗವಾಗಿ ಅಭ್ಯಾಸ ಮಾಡಿಕೊಂಡು ಬಂದು, ಸೌಜನ್ಯದಿಂದಲೇ ಮಾತನಾಡಿದರೂ, ಆ ಮಾತು ಕಾನೂನಿನ ಒಂದಕ್ಷರವನ್ನೂ ಕದಲಿಸಲಾರದಂಥ ಏರ್ಪಾಡೊಂದು ಸದನದ ನಿಯಮಗಳೊಳಗೇ ಇದೆಯೆಂಬ ಸಂಗತಿಯನ್ನು ನಾವು ಸಾಕಷ್ಟು ಗಮನಿಸಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಶಾಸನಗಳ ತಿದ್ದುಪಡಿಗಳನ್ನು ಒಂದೇ ವಿಧೇಯಕದಲ್ಲಿ ಮೂಟೆ ಕಟ್ಟಿ ತರುವ ಪದ್ಧತಿಯೇ ಆ ಏರ್ಪಾಡು. ಅದರ ಅತ್ಯಂತ ಸುರಕ್ಷಿತವಾದ ವಾಹನವು ಪ್ರತಿವರ್ಷದ ಹಣಕಾಸು ವಿಧೇಯಕ.

2017ರ ವಿಧೇಯಕವನ್ನೇ ನೋಡೋಣ. ಫೆಬ್ರವರಿ 1ರಂದು ಆಯವ್ಯಯದೊಂದಿಗೆ ಮಂಡಿತವಾದ ಆ ವಿಧೇಯಕಕ್ಕೆ, ಮಾರ್ಚ್ 22ರಂದು ಲೋಕಸಭೆಯು ಅಂಗೀಕಾರ ನೀಡುವ ಮುನ್ನ, ಸರ್ಕಾರವೇ ತಿದ್ದುಪಡಿಗಳ ದೊಡ್ಡದೊಂದು ಸರಣಿಯನ್ನು ಸೇರಿಸಿತು. ಆದಾಯ ತೆರಿಗೆಯ ವಿವರ ಸಲ್ಲಿಸುವುದಕ್ಕೆ ಆಧಾರ್ ಕಡ್ಡಾಯವಾಯಿತು. ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ, ಸೈಬರ್ ಮೇಲ್ಮನವಿ ನ್ಯಾಯಮಂಡಳಿಗಳು ಇತರ ನ್ಯಾಯಮಂಡಳಿಗಳಲ್ಲಿ ಲೀನವಾದುವು. ಹಸಿರು ನ್ಯಾಯಮಂಡಳಿಯೂ ಸೇರಿದಂತೆ 19 ನ್ಯಾಯಮಂಡಳಿಗಳ ಸದಸ್ಯರ ನೇಮಕ, ಅವಧಿ, ವೇತನಗಳನ್ನು ನಿಯಮಗಳ ಮೂಲಕ ನಿರ್ಣಯಿಸುವ ಅಧಿಕಾರವು ಕಾರ್ಯಾಂಗದ ಕೈಸೇರಿತು. ಕಂಪನಿಗಳು ರಾಜಕೀಯ ಪಕ್ಷಗಳಿಗೆ ನೀಡಬಹುದಾದ ದೇಣಿಗೆಗೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ರ ಮಿತಿಯಿದ್ದುದು ತೆಗೆದುಹಾಕಲ್ಪಟ್ಟಿತು. ಚುನಾವಣಾ ಬಾಂಡುಗಳಿಗೆ ದಾರಿಮಾಡಿಕೊಡುವ ಖಂಡಗಳು ಮೂಲ ವಿಧೇಯಕದಲ್ಲಿಯೇ ಇದ್ದುವು. ತೆರಿಗೆಗೂ ನ್ಯಾಯಮಂಡಳಿಯ ಸದಸ್ಯನ ಅಧಿಕಾರಾವಧಿಗೂ ಯಾವ ಬಾಂಧವ್ಯ ಎಂದು ಕೇಳಿದವರಿಗೆ, ಆನುಷಂಗಿಕ ವಿಷಯಗಳಿಗೂ ಹಣಕಾಸು ವಿಧೇಯಕದಲ್ಲಿ ಎಡೆಯುಂಟೆಂಬ ಉತ್ತರ ದೊರೆಯಿತು. ವಿರೋಧ ಪಕ್ಷಗಳ ಸದಸ್ಯರು ಎತ್ತಿದ ಕ್ರಿಯಾಲೋಪವನ್ನು ಸಭಾಧ್ಯಕ್ಷರಾಗಿದ್ದ ಸುಮಿತ್ರಾ ಮಹಾಜನ್ ಅವರು ತಳ್ಳಿಹಾಕಿದರು.

ಇಂಥದನ್ನು ತಡೆಯತಕ್ಕ ನಿಯಮವು ಲೋಕಸಭೆಯ ಗ್ರಂಥದಲ್ಲಿ ಇಲ್ಲದಿಲ್ಲ. ತಿದ್ದುಪಡಿಯು ವಿಧೇಯಕದ ವ್ಯಾಪ್ತಿಯೊಳಗಿರಬೇಕು, ಅದು ಯಾವ ಖಂಡಕ್ಕೆ ಸೇರುವುದೋ ಆ ಖಂಡದ ವಿಷಯಕ್ಕೆ ಹೊಂದಿಕೆಯಾಗಬೇಕು ಎಂದು 80ನೆಯ ನಿಯಮವು ಸ್ಪಷ್ಟವಾಗಿ ವಿಧಿಸುತ್ತದೆ. ಆದರೆ ಯಾವ ನಿಯಮವನ್ನಾದರೂ ಸಭಾಧ್ಯಕ್ಷರ ಸಮ್ಮತಿಯಿಂದ, ಸದನದ ಬಹುಮತದಿಂದ ಅಮಾನತಿನಲ್ಲಿಡಬಹುದೆಂದು 388ನೆಯ ನಿಯಮವು ಹೇಳುತ್ತದೆ. ಆದಕಾರಣ ವ್ಯಾಪ್ತಿ ಮೀರಿದ ಸರ್ಕಾರಿ ತಿದ್ದುಪಡಿ ಬಂದಾಗ ನಡೆಯುವುದಿಷ್ಟು: ಈ ತಿದ್ದುಪಡಿಯ ಮಟ್ಟಿಗೆ 80ನೆಯ ನಿಯಮವನ್ನು ಅಮಾನತುಗೊಳಿಸತಕ್ಕದ್ದೆಂದು ಸಚಿವರು ಸೂಚನೆಯನ್ನು ಓದುತ್ತಾರೆ, ಪೀಠವು ಅದನ್ನು ಮತಕ್ಕೆ ಹಾಕುತ್ತದೆ, ಆಡಳಿತ ಪಕ್ಷದ ಕಡೆಯಿಂದ ‘ಹೌದು’ ಎಂಬ ಧ್ವನಿ ಏಳುತ್ತದೆ, ಮುಂದಿನ ತಿದ್ದುಪಡಿಗೂ ಅದೇ ಸೂಚನೆ, ಅದೇ ಧ್ವನಿ. ಬಹುಮತವನ್ನು ಅಂಕೆಯಲ್ಲಿಡುವುದಕ್ಕೆಂದು ರಚಿತವಾದ ನಿಯಮವು ಬಹುಮತದ ಕೂಗಿಗೇ ಸರಿದು ನಿಲ್ಲುವುದಾದರೆ, ಅದು ಇದ್ದೂ ಇಲ್ಲದಂತೆಯೇ ಸರಿ.

ಖಂಡ ಖಂಡವಾಗಿಯೇ ಮತ ತೆಗೆದುಕೊಳ್ಳುತ್ತಾರಲ್ಲ, ಒಪ್ಪಿಗೆಯಿಲ್ಲದ ಖಂಡಕ್ಕೆ ‘ಇಲ್ಲ’ ಎನ್ನಬಹುದಲ್ಲ ಎಂದು ಕಾರ್ಯವಿಧಾನವನ್ನು ಬಲ್ಲವರು ಕೇಳಬಹುದು. ಪುಸ್ತಕದಲ್ಲಿ ಅದು ನಿಜ. ವ್ಯವಹಾರದಲ್ಲಿ ಹತ್ತಾರು ಖಂಡಗಳನ್ನು ಒಟ್ಟುಗೂಡಿಸಿ ಒಂದೇ ಪ್ರಶ್ನೆಯಾಗಿ ಮತಕ್ಕಿಡುವುದು ವಾಡಿಕೆ. ಗೊತ್ತುಪಡಿಸಿದ ಗಳಿಗೆ ಬಂದೊಡನೆ ಉಳಿದುದೆಲ್ಲವನ್ನೂ ಚರ್ಚೆಯಿಲ್ಲದೆ ತೀರಿಸಿಬಿಡುವ ಗಿಲೊಟಿನ್ ಬೇರೆ ಇದೆ. ಇವೆರಡರಿಂದ ತಪ್ಪಿಸಿಕೊಂಡ ಸದಸ್ಯನನ್ನು 1985ರ ಪಕ್ಷಾಂತರ ನಿಷೇಧದ ನೆರಳಿನಲ್ಲಿ ಪಕ್ಷದ ಆದೇಶವಾದ ವಿಪ್ ಹಿಡಿದು ನಿಲ್ಲಿಸುತ್ತದೆ. ತನ್ನ ಪಕ್ಷಕ್ಕೆ ದೊರೆತ ಅಲ್ಪ ಕಾಲದಲ್ಲಿ ತೆರಿಗೆಯ ದರ, ಆಧಾರ್, ನ್ಯಾಯಮಂಡಳಿ, ಚುನಾವಣಾ ದೇಣಿಗೆ ಇಷ್ಟನ್ನೂ ಮುಟ್ಟಬೇಕಾದ ಭಾಷಣಕಾರನು ಯಾವುದೊಂದನ್ನೂ ವಿಮರ್ಶಿಸಲಾರನು. ಎಲ್ಲವನ್ನೂ ಹೆಸರಿಸಿ ಕುಳಿತುಕೊಳ್ಳುವನು.

ರಾಜ್ಯಸಭೆಯ ಗತಿಯಂತೂ ಇನ್ನೂ ಶೋಚನೀಯ. ಸಂವಿಧಾನದ 110ನೆಯ ಅನುಚ್ಛೇದದಂತೆ ಸಭಾಧ್ಯಕ್ಷರು ಒಂದು ವಿಧೇಯಕವನ್ನು ಧನ ವಿಧೇಯಕವೆಂದು ದೃಢೀಕರಿಸಿದರೆ, ರಾಜ್ಯಸಭೆಯು 14 ದಿನಗಳೊಳಗೆ ಶಿಫಾರಸುಗಳೊಂದಿಗೆ ಅದನ್ನು ಹಿಂದಿರುಗಿಸಬಹುದೇ ಹೊರತು ತಡೆಯುವಂತಿಲ್ಲ. ಶಿಫಾರಸುಗಳನ್ನು ಕೈಬಿಡುವ ಸ್ವಾತಂತ್ರ್ಯವು ಲೋಕಸಭೆಗೆ ಸಂಪೂರ್ಣವಾಗಿದೆ. ಹಾಗೆ ಧನ ವಿಧೇಯಕವಾಗಿ ಬಂದ ಆ ಹಣಕಾಸು ವಿಧೇಯಕಕ್ಕೆ 2017ರ ಮಾರ್ಚ್ 29ರಂದು, ಸರ್ಕಾರಕ್ಕೆ ಬಹುಮತವಿಲ್ಲದಿದ್ದ ರಾಜ್ಯಸಭೆಯು ಐದು ತಿದ್ದುಪಡಿಗಳನ್ನು ಅಂಗೀಕರಿಸಿತು. ಅವುಗಳಲ್ಲಿ ಸೀತಾರಾಮ್ ಯೆಚೂರಿಯವರು ಸೂಚಿಸಿದ ಎರಡು, ಕಂಪನಿಗಳ ದೇಣಿಗೆಗೆ ಶೇ. 7.5ರ ಮಿತಿಯಿರಬೇಕು, ಹಣವು ಯಾವ ಪಕ್ಷಕ್ಕೆ ಹೋಯಿತೆಂಬುದನ್ನು ಕಂಪನಿಯು ಬಹಿರಂಗಪಡಿಸಬೇಕು ಎಂಬಂಥವು. ಮರುದಿನವೇ ಲೋಕಸಭೆಯು ಐದನ್ನೂ ತಿರಸ್ಕರಿಸಿತು.

ಮುಂದೆ ಏನಾಯಿತು? 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಏಕಕಂಠದಿಂದ ಚುನಾವಣಾ ಬಾಂಡುಗಳ ಯೋಜನೆಯನ್ನು ರದ್ದುಗೊಳಿಸಿತು; ಕಂಪನಿಗಳ ದೇಣಿಗೆಗಿದ್ದ ಮಿತಿಯನ್ನು ತೆಗೆದುಹಾಕಿದ್ದೂ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ರಾಜ್ಯಸಭೆಯು 2017ರಲ್ಲಿಯೇ ಕಂಡುಕೊಂಡಿದ್ದ ದೋಷವು ನ್ಯಾಯಾಲಯದಲ್ಲಿ ಸ್ಥಿರಪಡಲು ಸುಮಾರು ಏಳು ವರ್ಷ ಹಿಡಿಯಿತು. ಆ ನಡುವೆ 16,000 ಕೋಟಿ ರೂಪಾಯಿಗೂ ಮಿಕ್ಕ ಮೊತ್ತದ ಬಾಂಡುಗಳು ಮಾರಾಟವಾಗಿ, ದೇಶದಲ್ಲಿ ಒಂದು ಲೋಕಸಭಾ ಚುನಾವಣೆಯೂ ಹಲವು ವಿಧಾನಸಭಾ ಚುನಾವಣೆಗಳೂ ಆ ಹಣದ ಬೆಂಬಲದಲ್ಲಿ ನಡೆದುಹೋಗಿದ್ದುವು. ನ್ಯಾಯಮಂಡಳಿಗಳ ವಿಷಯದಲ್ಲಿಯೂ ಹಾಗೆಯೇ: ಕರ್ನಾಟಕದಿಂದ ರಾಜ್ಯಸಭೆಗೆ ಚುನಾಯಿತರಾದ ಜೈರಾಮ್ ರಮೇಶ್ ಅವರೂ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು, 2019ರ ನವೆಂಬರಿನಲ್ಲಿ, ಕಾರ್ಯಾಂಗವು ಆ ಅಧಿಕಾರದಡಿ ರಚಿಸಿದ್ದ ನಿಯಮಗಳು ರದ್ದಾದುವು, ಧನ ವಿಧೇಯಕದ ಪ್ರಶ್ನೆಯು ಇನ್ನೂ ದೊಡ್ಡ ಪೀಠಕ್ಕೆ ಹೋಯಿತು. ಶಾಸಕನೊಬ್ಬನು ಸದನದಲ್ಲಿ ಆಡಬೇಕಾದ ಮಾತನ್ನು ವಕೀಲರ ಮೂಲಕ ಆಡಿಸಬೇಕಾಗಿ ಬಂದುದು ಸಂಸತ್ತಿಗೆ ಗೌರವ ತರುವ ಸಂಗತಿಯಲ್ಲ.

ಇದು ಒಂದೇ ಪಕ್ಷದ ಪಾಪವೆಂದು ನಾನು ಹೇಳುತ್ತಿಲ್ಲ. 2013ರಲ್ಲಿಯೂ ಹಣಕಾಸು ವಿಧೇಯಕವು ಚರ್ಚೆಯಿಲ್ಲದೆ ಅಂಗೀಕೃತವಾಯಿತು. ಆಗ ಆಳುತ್ತಿದ್ದವರು ಬೇರೆ. 2018ರ ಮಾರ್ಚ್ 14ರಂದು, ಗದ್ದಲದ ನಡುವೆ ಚರ್ಚೆಯಿಲ್ಲದೆ ಲೋಕಸಭೆಯಲ್ಲಿ ಅಂಗೀಕೃತವಾದ ವಿಧೇಯಕದೊಳಗೆ, ವಿದೇಶೀ ದೇಣಿಗೆಯ ಕಾನೂನಿಗೆ ಹಿಂದೆ ಮಾಡಿದ್ದ ಸಡಿಲಿಕೆಯನ್ನು 1976ರಿಂದಲೇ ಜಾರಿಯಲ್ಲಿತ್ತೆಂದು ಭಾವಿಸತಕ್ಕದ್ದೆಂಬ ಖಂಡವೊಂದು ಸೇರಿಕೊಂಡಿತ್ತು. ಭಾರತೀಯ ಜನತಾ ಪಕ್ಷ, ಕಾಂಗ್ರೆಸ್ ಎರಡೂ ವಿದೇಶೀ ಮೂಲದ ದೇಣಿಗೆಯನ್ನು ಕಾನೂನಿಗೆ ವಿರುದ್ಧವಾಗಿ ಸ್ವೀಕರಿಸಿದುವೆಂದು ದೆಹಲಿ ಉಚ್ಚ ನ್ಯಾಯಾಲಯವು 2014ರಲ್ಲಿ ಹೇಳಿದ್ದುದನ್ನು ನೆನೆದರೆ, ಆ ಖಂಡದಿಂದ ಯಾರಿಗೆ ಉಪಕಾರವಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಮೂಟೆಯು ಆಳುವವರಿಗೆ ಎಷ್ಟು ಅನುಕೂಲವೋ, ಮೌನವಾಗಿರಬಯಸುವ ವಿರೋಧಿಗಳಿಗೂ ಅಷ್ಟೇ ಅನುಕೂಲ.

ಹಲವು ಕಾಯಿದೆಗಳನ್ನು ಒಟ್ಟಿಗೆ ತಿದ್ದುವುದೇ ದೋಷವಲ್ಲ. 2023ರ ಜನ ವಿಶ್ವಾಸ ಕಾಯಿದೆಯು 42 ಕಾಯಿದೆಗಳನ್ನು ತಿದ್ದಿತು. ಆದರೆ ಸಣ್ಣ ತಪ್ಪುಗಳಿಗೆ ವಿಧಿಸುವ ಸೆರೆವಾಸವನ್ನು ಕಡಿಮೆಮಾಡುವುದೆಂಬ ಒಂದೇ ಉದ್ದೇಶವು ಅದರಲ್ಲಿತ್ತು, ಜಂಟಿ ಸಮಿತಿಯು ಅದನ್ನು ಮೊದಲೇ ಪರಿಶೀಲಿಸಿತ್ತು. ಏಕೋದ್ದೇಶ, ಪೂರ್ವಪರಿಶೀಲನೆ ಇವೆರಡಿದ್ದರೆ ಗಾತ್ರದಿಂದ ಹಾನಿಯಿಲ್ಲ.

ಸಂಬಂಧವಿಲ್ಲದುದನ್ನು ಬೇರ್ಪಡಿಸುವುದು ಅಸಾಧ್ಯವೂ ಅಲ್ಲ. ಕೆನಡಾದಲ್ಲಿ 1982ರ ಮಾರ್ಚಿನಲ್ಲಿ ಇಂಧನಕ್ಕೆ ಸಂಬಂಧಿಸಿದ ಇಂಥದೇ ಮಹಾ ವಿಧೇಯಕವೊಂದು ಬಂದಾಗ ವಿರೋಧ ಪಕ್ಷದವರು ಮತದಾನಕ್ಕೆ ಬಾರದೆ ಹೊರಗುಳಿದರು. ಸದಸ್ಯರನ್ನು ಕರೆಯುವ ಗಂಟೆಯು ಎರಡು ವಾರಗಳ ಕಾಲ ಮೊಳಗುತ್ತಲೇ ಇತ್ತು. ಕಡೆಗೆ ಸರ್ಕಾರವು ಅದನ್ನು ಎಂಟು ವಿಧೇಯಕಗಳನ್ನಾಗಿ ಒಡೆಯಿತು. 2017ರಲ್ಲಿ ಆ ದೇಶದ ಕಾಮನ್ಸ್ ಸಭೆಯು, ಸಮಾನ ಸೂತ್ರವಿಲ್ಲದ ಭಾಗಗಳನ್ನು ಬೇರ್ಪಡಿಸಿ ಪ್ರತ್ಯೇಕವಾಗಿ ಮತಕ್ಕಿಡುವ ಅಧಿಕಾರವನ್ನು ನಿಯಮದ ಮೂಲಕವೇ ತನ್ನ ಸಭಾಧ್ಯಕ್ಷರಿಗೆ ಕೊಟ್ಟಿತು. ಆಯವ್ಯಯದ ವಿಧೇಯಕಕ್ಕೆ ಅಲ್ಲಿ ವಿನಾಯಿತಿಯುಂಟು. ಆದರೆ ಆಯವ್ಯಯದಲ್ಲಿ ಘೋಷಿತವಾದ ವಿಷಯಗಳ ಮಟ್ಟಿಗೆ ಮಾತ್ರ. 2017ರ ಮಾರ್ಚಿನಲ್ಲಿ ನಮ್ಮಲ್ಲಿ ತಡವಾಗಿ ಬಂದು ಸೇರಿದ ಖಂಡಗಳು ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತಿರಲಿಲ್ಲ.

ನಮ್ಮ ಲೋಕಸಭೆಯೂ ಇದನ್ನು ಮಾಡಬಲ್ಲದು. ಅದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ನಿಯಮಾವಳಿಯ ತಿದ್ದುಪಡಿ ಸಾಕು. ಹಣಕಾಸು ವಿಧೇಯಕದ ವಿಷಯದಲ್ಲಿ 80ನೆಯ ನಿಯಮವನ್ನು ಅಮಾನತಿನಲ್ಲಿಡಬಾರದು. ತೆರಿಗೆಗೆ ಸೇರದ ಖಂಡಗಳನ್ನು ಪ್ರತ್ಯೇಕಿಸಿ ಸಾಮಾನ್ಯ ವಿಧೇಯಕವಾಗಿ ಸ್ಥಾಯೀ ಸಮಿತಿಗೆ ಕಳಿಸಬೇಕು. ಅವು ಎರಡೂ ಸದನಗಳ ಸಮ್ಮತಿಯಿಂದಲೇ ಕಾನೂನಾಗಬೇಕು. ವಿಧಾನ ಪರಿಷತ್ತುಳ್ಳ ನಮ್ಮ ರಾಜ್ಯದಲ್ಲಿಯೂ ಧನ ವಿಧೇಯಕಕ್ಕೆ 198, 199ನೆಯ ಅನುಚ್ಛೇದಗಳಡಿ ಇದೇ ಕಟ್ಟಳೆಯಿರುವುದರಿಂದ, ಈ ಎಚ್ಚರವು ದೆಹಲಿಗೆ ಮಾತ್ರ ಸೀಮಿತವಾದುದಲ್ಲ. ಮತ ಕೇಳಲು ಬರುವ ಅಭ್ಯರ್ಥಿಯನ್ನು, ಯಾವ ಪಕ್ಷದವನೇ ಆಗಲಿ, ಈ ನಿಯಮವನ್ನು ತಿದ್ದಿಸಲು ನೀನು ಸಿದ್ಧನೇ ಎಂದು ಓದುಗರು ಕೇಳಲಿ. ಸಿದ್ಧನಲ್ಲದವನು ಸಂಸತ್ತಿನ ಗೌರವದ ಬಗೆಗೆ ಭಾಷಣ ಮಾಡುವ ಹಕ್ಕನ್ನು ಕಳೆದುಕೊಂಡವನು.